ಮಷೀನಿನ ಹೊಟ್ಟೆ ಸೇರಿದ ಕೌದಿ

ನಮ್ಮ ಮನೆಗೆ ಯಾರೇ ಬಂದರೂ ಒಂದಲ್ಲ ಒಂದು ಸಲ ಕೇಳಿಯೇ ಕೇಳುತ್ತಾರೆ: "ಅದ್ಯಾಕೆ ಸಾರ್, ನಿಮ್ಮ ವಾಷಿಂಗ್ ಮಷೀನ್ ಯಾವಾಗ್ಲೂ ಬಾಯಿ ತೆರ್ಕೊಂಡೇ ಇರುತ್ತೆ?" ಈ ಪ್ರಶ್ನೆಗಾಗಿಯೇ ನಾನು ಕಾದಿರುತ್ತೇನೆ. ಕಾಫಿ ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಮುಂದೆ ಬಾಗಿಲಿರುವ ಮಷೀನಿಗೆ ಗಾಳಿ ಆಡಬೇಕು, ಇಲ್ಲದಿದ್ದರೆ ಬಾಗಿಲಿನ ರಬ್ಬರಿನ ಮಡಿಕೆಯಲ್ಲಿ ನೀರು ನಿಂತು ಬೂಷ್ಟು ಹಿಡಿಯುತ್ತದೆ, ಆಮೇಲೆ ಒಗೆದ ಬಟ್ಟೆ ಯಾವುದು ಒಗೆಯದ ಬಟ್ಟೆ ಯಾವುದು ಎಂದು ಮೂಸಿ ನೋಡಿದರೂ ತಿಳಿಯುವುದಿಲ್ಲ ಎಂದು ಶುರುಮಾಡುತ್ತೇನೆ. ಅಷ್ಟರಲ್ಲಿ ನನ್ನ ಹೆಂಡತಿ ವಿಮಲ ಅಡುಗೆಮನೆಯಿಂದಲೇ ಕೂಗುತ್ತಾಳೆ: "ಪಾಪ, ಅವರು ಗೃಹಪ್ರವೇಶಕ್ಕೆ ಕರೆಯೋಕೆ ಬಂದಿದಾರೆ ಕಣ್ರೀ. ಬಿಟ್ಬಿಡಿ ಅವರನ್ನ."

ನಿವೃತ್ತಿಯಾದ ಮೇಲೆ ಕೆಲವರು ಭಜನಾ ಮಂಡಳಿ ಹಿಡಿಯುತ್ತಾರೆ, ಕೆಲವರು ವಾಕಿಂಗು ಹಿಡಿಯುತ್ತಾರೆ. ನಾನು ಹಳೇ ಬನೀನು ಹಿಡಿದೆ. ಬಟ್ಟೆ ಒಗೆದು ಮುಗಿದ ಮೇಲೆ ಮಣೆ ಹಾಕಿಕೊಂಡು ಮಷೀನಿನ ಎದುರು ಕೂತು, ಆ ಬನೀನಿನಿಂದ ರಬ್ಬರಿನ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ಒರೆಸುತ್ತೇನೆ. ಕೂದಲು, ದಾರ, ಬಸ್ ಟಿಕೆಟ್ಟಿನ ಮುದ್ದೆ, ಒಮ್ಮೊಮ್ಮೆ ವಿಮಲ ಮನೆಯೆಲ್ಲ ಹುಡುಕಿ ಬಿಟ್ಟಿದ್ದ ಪಿನ್ನು ಸಿಗುತ್ತವೆ. ಇಂಥ ಸಮಯದಲ್ಲಿ ನನಗೆ ಬಹಳ ಯೋಚನೆಗಳು ಬರುತ್ತವೆ. ಉಪಯೋಗಕ್ಕೆ ಬರುವಂಥವು ಯಾವುವೂ ಅಲ್ಲ.

ಹೆಚ್ಚಾಗಿ ನೆನಪಾಗುವುದು ರಾಜಾಜಿನಗರದ ವಠಾರದ ಒಗೆಯುವ ಕಲ್ಲು. ನಾನು ಹುಟ್ಟಿ ಬೆಳೆದದ್ದು ಅಲ್ಲಿ. ಸಾಲು ಮನೆಗಳಿಗೆಲ್ಲ ಸೇರಿ ಇದ್ದದ್ದು ಒಂದು ನಲ್ಲಿ, ಒಂದು ಕಲ್ಲು. ಅಪ್ಪನಿಗೆ ಕಾರ್ಖಾನೆಯ ಕೆಲಸ. ಅವರ ಖಾಕಿ ಅಂಗಿಯ ಜಿಡ್ಡು ಉಳಿದ ಬಟ್ಟೆಗೆ ಹತ್ತಬಾರದೆಂದು ಅಮ್ಮ ಅದನ್ನು ಎಲ್ಲಕ್ಕಿಂತ ಕೊನೆಗೆ ಕಲ್ಲಿಗೆ ಹಾಕುತ್ತಿದ್ದಳು. ವಠಾರದ ಹೆಂಗಸರಿಗೆ ಬಟ್ಟೆ ಕುಕ್ಕುವ ಸದ್ದಿನಿಂದಲೇ ಇವತ್ತು ಯಾರ ಮನೆಯಲ್ಲಿ ಜಗಳವಾಗಿದೆ ಎಂದು ತಿಳಿಯುತ್ತಿತ್ತು. ಗಂಡನ ಅಂಗಿ ಎರಡು ಸಲ ಹೆಚ್ಚಿಗೆ ಕುಕ್ಕಿಸಿಕೊಂಡರೆ ಅಮ್ಮ ರಾಗಿ ಬೀಸುತ್ತಿದ್ದ ಕೈ ನಿಲ್ಲಿಸಿ, ಕಿವಿಗೊಟ್ಟು, "ಹೂಂ, ಇವತ್ತು ಮೂಲೆ ಮನೇಲಿ ಅಡುಗೆ ಇಲ್ಲ" ಎನ್ನುತ್ತಿದ್ದಳು. ಅವಳ ಊಹೆ ತಪ್ಪಿದ್ದನ್ನು ನಾನು ಕಾಣೆ. ಆ ಲೆಕ್ಕದಲ್ಲಿ ನೋಡಿದರೆ ಮಷೀನು ಬಂದು ಹೆಂಗಸರಿಗೆ ಒಂದು ಅನ್ಯಾಯವೇ ಆಗಿದೆ. ಈಗ ನನ್ನ ಮೇಲೆ ಎಷ್ಟೇ ಕೋಪ ಬಂದರೂ ವಿಮಲ ಒಂದು ಗುಂಡಿ ಒತ್ತಿ ಸುಮ್ಮನಾಗಬೇಕು. ಗುಂಡಿಯನ್ನು ಜೋರಾಗಿ ಒತ್ತಿದಳೋ ಮೆಲ್ಲಗೆ ಒತ್ತಿದಳೋ ಪಕ್ಕದ ಮನೆಯವರಿಗೆ ಹೇಗೆ ತಿಳಿಯಬೇಕು?

ಎಲ್ಲಿಂದ ಎಲ್ಲಿಗೆ ಹೋದೆ ನೋಡಿ. ಮಷೀನಿನ ವಿಷಯಕ್ಕೆ ಬರುತ್ತೇನೆ.

ಅನ್ನಪೂರ್ಣೇಶ್ವರಿ ನಗರದಲ್ಲಿ ನಾವು ಮನೆ ಕಟ್ಟಿಸಿ, ಮೇಲೊಂದು ಬಾಡಿಗೆ ಮನೆಯನ್ನೂ ಕಟ್ಟಿಸಿದೆವು. ನಮ್ಮದು ಬೋರ್‌ವೆಲ್ ನೀರು. ಬಕೆಟ್ಟಿನಲ್ಲಿ ಬಿಟ್ಟರೆ ಬಕೆಟ್ಟಿಗೆ ಸುಣ್ಣ ಬಳಿದ ಹಾಗಾಗುತ್ತದೆ. ಬಕೆಟ್ಟಿಗೇ ಹೀಗಾದರೆ ಮಷೀನಿನ ಗತಿಯೇನೆಂದು ನನಗೆ ನಿದ್ದೆ ಬರಲಿಲ್ಲ. ಮೊಬೈಲಿನಲ್ಲಿ ವಿಡಿಯೊಗಳನ್ನು ನೋಡಿ ನೋಡಿ ಕಲಿತೆ. ತಿಂಗಳಿಗೊಮ್ಮೆ ಬಟ್ಟೆ ಹಾಕದೆ, ಸುಣ್ಣ ಬಿಡಿಸುವ ಪುಡಿ ಹಾಕಿ ಬಿಸಿನೀರಿನಲ್ಲಿ ಖಾಲಿ ಓಡಿಸಬೇಕು. ನೀರು ಬರುವ ಪೈಪಿನ ತುದಿಯ ಜಾಲರಿಯನ್ನು ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ತಿಕ್ಕಬೇಕು. ಸೋಪು ಹೆಚ್ಚಾದಷ್ಟೂ ಬಟ್ಟೆ ಬೆಳ್ಳಗಾಗುತ್ತದೆ ಎನ್ನುವುದು ತಪ್ಪು, ನೊರೆ ಹೆಚ್ಚಾದರೆ ಮಷೀನು ಅದನ್ನು ಜಾಲಿಸುವುದರಲ್ಲೇ ಸುಸ್ತಾಗುತ್ತದೆ. ಇದನ್ನೆಲ್ಲ ನಾನು ಬೀದಿಯಲ್ಲಿ ಸಾರಿದ್ದರಿಂದ ಸುತ್ತಲಿನವರಿಗೆ ನಾನೊಬ್ಬ ಮಷೀನ್ ಡಾಕ್ಟರು ಎಂಬ ನಂಬಿಕೆ ಹುಟ್ಟಿತು. ಹೇರೋಹಳ್ಳಿಯಲ್ಲಿ ಹೊಸ ಮನೆ ಕಟ್ಟಿಸಿದ ನನ್ನ ಹಳೇ ಸಹೋದ್ಯೋಗಿಯ ಮಷೀನು ಮೊದಲ ದಿನವೇ ಗಡಗಡ ನಡುಗುತ್ತ ನಡುಮನೆಯವರೆಗೆ ನಡೆದುಕೊಂಡು ಬಂದಿತ್ತಂತೆ. ಅವರ ತಾಯಿ ಅದಕ್ಕೆ ದೃಷ್ಟಿ ತೆಗೆದು, ದಾರಿಗೆ ಮೆಣಸಿನಕಾಯಿ ಹಾಕಿ ಬಂದಿದ್ದರು. ನಾನು ಹೋಗಿ ನೋಡಿದೆ. ಸಾಗಿಸುವಾಗ ಡ್ರಮ್ಮು ಅಲ್ಲಾಡದಿರಲೆಂದು ಹಿಂದೆ ಹಾಕಿರುವ ಉದ್ದನೆಯ ಬೋಲ್ಟುಗಳನ್ನು ಯಾರೂ ಬಿಚ್ಚಿರಲಿಲ್ಲ. ಬಿಚ್ಚಿದೆ, ದೆವ್ವ ಬಿಟ್ಟಿತು. ಆವತ್ತು ಆ ಮನೆಯಲ್ಲಿ ನನಗೆ ಹೋಳಿಗೆ ಊಟ.

ಇಂಥ ಡಾಕ್ಟರಿನ ಮನೆಯ ಮಷೀನಿಗೆ ಆಯುಧಪೂಜೆ ಆಗದಿದ್ದರೆ ಹೇಗೆ? ಸ್ಕೂಟರು, ಮಿಕ್ಸಿ, ಹೊಲಿಗೆ ಮಷೀನು, ಎಲ್ಲಕ್ಕೂ ಅರಿಶಿನ ಕುಂಕುಮ ಆದ ಮೇಲೆ ವಿಮಲ ವಾಷಿಂಗ್ ಮಷೀನಿಗೂ ಸೇವಂತಿಗೆ ಹಾರ ಹಾಕಿದಳು. ಬಾಗಿಲು ತೆರೆದೇ ಇತ್ತಲ್ಲ, ದೇವರ ಬಾಯಿಗೇ ಬೀಳಲೆಂದು ಅಕ್ಷತೆಯನ್ನು ಡ್ರಮ್ಮಿನ ಒಳಗೇ ಹಾಕಿದಳು. ನಾನೇನು ಕಮ್ಮಿಯೇ? ಸ್ಕೂಟರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟ ಹಾಗೆ ಮಷೀನಿನ ನಾಲ್ಕು ಕಾಲಿಗೂ ನಿಂಬೆಹಣ್ಣು ಇಟ್ಟು, ಸ್ಪಿನ್ ಹಾಕಿ, ನಾಲ್ಕೂ ಅಪ್ಪಚ್ಚಿಯಾಗುವ ತನಕ ಕೈಮುಗಿದು ನಿಂತೆ. ಆಮೇಲೆ ಕಾಲುಗಳನ್ನು ಸಮ ಮಾಡಲು ರಸಮಟ್ಟ ಹಿಡಿದು ಒಂದು ಮಧ್ಯಾಹ್ನವೇ ಹೋಯಿತು. ಅಷ್ಟಾದರೂ ಇಬ್ಬರಿಗೂ ಏನೋ ಒಳ್ಳೆಯದನ್ನು ಮಾಡಿದ ಸಮಾಧಾನ ಇತ್ತು.

ಮೇಲಿನ ಮನೆಯಲ್ಲಿ ಬಾಡಿಗೆಗೆ ಇದ್ದವರು ಗದಗದ ಕಡೆಯ ಗಂಡ ಹೆಂಡತಿ. ಗಂಡ ಮಲ್ಲಪ್ಪ ಬೈಕಿನಲ್ಲಿ ಊರೆಲ್ಲ ಪಾರ್ಸೆಲ್ಲು ಹಂಚುವವನು. ಹೆಂಡತಿ ಶಿವಲೀಲಾಗೆ ಚೊಚ್ಚಲ ಹೆರಿಗೆ. ಅಷ್ಟು ದೂರ ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ತವರಿಗೆ ಹೋಗಲಾಗಲಿಲ್ಲ. ತಾಯಿಯೇ ಬರಬೇಕು ಅಂದರೆ ಅವರಿಗೆ ಆಗಷ್ಟೇ ಕಣ್ಣಿನ ಆಪರೇಷನ್ನು. ಹೀಗಾಗಿ ಬಾಣಂತನ ನಮ್ಮ ವಿಮಲಳ ಪಾಲಿಗೆ ಬಂತು. ಬಂತು ಎಂದರೆ ಸರಿಯಲ್ಲ, ಅವಳೇ ಎಳೆದುಕೊಂಡಳು. ನಮ್ಮ ಮನೆಯ ಹಂಡೆ ಅಟ್ಟದಿಂದ ಇಳಿಯಿತು, ಎಣ್ಣೆ ಕಾಯಿತು, ಸಾಂಬ್ರಾಣಿ ಹೊಗೆ ನಮ್ಮ ಮನೆಯವರೆಗೂ ಇಳಿದು ಬಂತು.

ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರವನ್ನು ಶಿವಲೀಲಾಳ ಅವ್ವನ ಕಣ್ಣಿನ ಕಟ್ಟು ಬಿಚ್ಚಿ, ಪ್ರಯಾಣ ಮಾಡಬಹುದು ಎಂದು ಆಗುವವರೆಗೆ ಮುಂದಕ್ಕೆ ಹಾಕಿದ್ದರು. ತಾನು ಬರುವ ಮೊದಲೇ ಅವ್ವ ಊರಿನವರ ಕೈಯಲ್ಲಿ ಒಂದು ಕೌದಿ ಕಳಿಸಿದ್ದಳು. ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಕೈಯಲ್ಲೇ ಹೊಲಿದದ್ದು. ಅವ್ವನ ಇಳಕಲ್ ಸೀರೆಯ ಅಂಚು ಇತ್ತು, ಅಜ್ಜಿಯ ಹಸಿರು ಸೀರೆ ಇತ್ತು, ಶಿವಲೀಲಾ ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ನೀಲಿ ಲಂಗವೂ ಇತ್ತು. ಆಪರೇಷನ್ನಿಗೆ ಮುಂಚೆ ಕಣ್ಣು ಮಂಜಾಗಿದ್ದಾಗ ಬೆರಳಿನಲ್ಲೇ ಸವರಿ ಸವರಿ ಹೊಲಿದದ್ದಂತೆ. ಇದೇ ಕಡೆಯದು, ಇನ್ನು ಸೂಜಿ ಹಿಡಿಯುವುದಿಲ್ಲ ಎಂದೂ ಹೇಳಿ ಕಳಿಸಿದ್ದಳು. ತೊಟ್ಟಿಲಲ್ಲಿ ಮಗುವನ್ನು ಈ ಕೌದಿಯ ಮೇಲೇ ಮಲಗಿಸಬೇಕು. ಮಗುವಿಗೆ ಅಷ್ಟು ತಾಳ್ಮೆ ಎಲ್ಲಿ? ಶಾಸ್ತ್ರಕ್ಕೆ ಮೊದಲೇ ಅದರ ಮೇಲೆ ತನ್ನ ಶಾಸ್ತ್ರವನ್ನೆಲ್ಲ ಮುಗಿಸಿಬಿಟ್ಟಿತ್ತು.

ಶಾಸ್ತ್ರದ ಹಿಂದಿನ ದಿನ ಬೆಳಿಗ್ಗೆ ಶಿವಲೀಲಾ ಮಗುವನ್ನು ಹೆಗಲಿಗೆ ಹಾಕಿಕೊಂಡು, ಕೌದಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದು ಬಂದಳು.

"ಅಂಕಲ್, ಇದನ್ನ ಹಿತ್ತಲದಾಗ ನೆನಿಲಿಕ್ಕ ಇಡ್ತೀನ್ರಿ. ಅವ್ವ ನಾಳೆ ಮುಂಜಾನೆ ಬರಾಕತ್ತಾಳ್ರಿ. ಹಿಂಗ ನೋಡಿದ್ರ ಏನಂದಾಳು?"

"ಬಾಣಂತಿ ತಣ್ಣೀರಿಗೆ ಕೈ ಹಾಕ್ತೀಯಾ? ಸುಮ್ನಿರು," ಎಂದು ವಿಮಲ ಗದರಿದಳು.

"ಮಷೀನ್ ಇರೋದು ಯಾಕಮ್ಮ?" ಎಂದೆ ನಾನು. "ಕೊಡಿಲ್ಲಿ. ಮಧ್ಯಾಹ್ನದೊಳಗೆ ಟೆರೇಸ್ ಮೇಲೆ ಒಣಗ್ತಾ ಇರುತ್ತೆ."

ಒಣ ಕೌದಿಯ ತೂಕ ನೋಡಿ ಮೋಸ ಹೋದೆ. ಅದು ನೀರು ಕುಡಿದರೆ ಎಷ್ಟಾಗುತ್ತದೆ ಎಂಬುದು ಯಾವ ವಿಡಿಯೊದಲ್ಲೂ ಇರಲಿಲ್ಲ. ಸ್ವಲ್ಪ ಹೊತ್ತು ಮಷೀನು ಗೊರಗೊರ ಎನ್ನುತ್ತ ತಿರುಗಿತು. ಆಮೇಲೆ ಒಮ್ಮೆ ನಿಟ್ಟುಸಿರಿಟ್ಟು ನಿಂತಿತು. ಪರದೆಯ ಮೇಲೆ ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ. ಪುಸ್ತಕ ತೆಗೆದು ನೋಡಿದರೆ ಅದರ ಅರ್ಥ, ನೀರು ಹೊರಗೆ ಹೋಗುತ್ತಿಲ್ಲ. ಒಳಗೆ ನೀರಿರುವ ತನಕ ಬಾಗಿಲಿನ ಬೀಗ ಬಿಡುವುದಿಲ್ಲ. ದುಂಡಗಿನ ಗಾಜಿನ ಆಚೆ ಅರ್ಧ ಮುಳುಗಿದ ಕೌದಿ, ಗಾಜಿಗೆ ಒತ್ತಿಕೊಂಡ ನೀಲಿ ಲಂಗದ ತುಂಡು. ಆಫ್ ಮಾಡಿ ಆನ್ ಮಾಡಿದೆ. ನೆತ್ತಿಯ ಮೇಲೆ ಮೆಲ್ಲಗೆ ತಟ್ಟಿದೆ. ಕೊನೆಗೆ, ಯಾರಿಗೂ ಹೇಳಬೇಡಿ, ನಿಂಬೆಹಣ್ಣಿನ ಯೋಚನೆಯೂ ಬಂತು. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗಿ ಜೇನಿನಂಥ ದನಿಯಲ್ಲಿ, "ನಾಳಿದ್ದು ಸಂಜೆ ನಮ್ಮ ಟೆಕ್ನಿಷಿಯನ್ ಬರ್ತಾರೆ ಸಾರ್" ಎಂದಳು.

ನಾಳಿದ್ದು ಸಂಜೆಯ ಹೊತ್ತಿಗೆ ಅವ್ವ ಬಂದು, ಶಾಸ್ತ್ರ ಮುಗಿದು, ಊಟದ ಎಲೆಯನ್ನೂ ಎತ್ತಿ ಆಗಿರುತ್ತದೆ. ಅಷ್ಟು ಹೊತ್ತು ನೀರಿನಲ್ಲಿ ಬಿದ್ದರೆ ಆ ಹಳೇ ಸೀರೆಗಳ ಬಣ್ಣ ಒಂದಕ್ಕೊಂದು ಹತ್ತಿ ಕೌದಿ ಏನಾಗುತ್ತದೋ! ಈಗಲೇ ಹೊರಗೆ ಬಂದರೂ ಸಂಜೆಯೊಳಗೆ ಒಣಗುವುದು ಬಿಸಿಲಿನ ಮರ್ಜಿ. ಶಿವಲೀಲಾ ಬಾಗಿಲಿಗೆ ಒರಗಿ, ಮಗುವಿನ ಬೆನ್ನು ತಟ್ಟುತ್ತ ಆ ಗಾಜನ್ನೇ ನೋಡುತ್ತ ನಿಂತಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಅಲ್ಲ ಕಣ್ರೀ, ದಿನಾ ಮೈ ಉಜ್ಜಿ ಉಜ್ಜಿ ಇಡ್ತೀರಲ್ಲ, ಕೆಳಗೆ ಅದೇನೋ ಪುಟ್ಟ ಮುಚ್ಚಳ ಇದೆಯಲ್ಲ, ಅದನ್ನ ಯಾವತ್ತಾದ್ರೂ ತೆಗೆದಿದೀರಾ?" ಎಂದಳು ವಿಮಲ.

ತೆಗೆದಿರಲಿಲ್ಲ. ಬಲಗಡೆ ಕೆಳಮೂಲೆಯ ಆ ಮುಚ್ಚಳದ ಹಿಂದೆ ನೀರು ಹೊರದೂಡುವ ಪಂಪಿನ ಫಿಲ್ಟರ್ ಇರುತ್ತದೆ, ಆಗಾಗ ಬಿಚ್ಚಿ ತೊಳೆಯಬೇಕು ಎಂದು ವಿಡಿಯೊದಲ್ಲಿ ಹೇಳಿದ್ದು ನೆನಪಿತ್ತು. ಆದರೆ ಅಲ್ಲಿಂದ ನೀರು ಚೆಲ್ಲಿ ಮನೆಯೆಲ್ಲ ಕೆರೆಯಾದೀತೆಂದು ಆ ಭಾಗ ಬಂದಾಗಲೆಲ್ಲ ವಿಡಿಯೊ ಮುಂದಕ್ಕೆ ಓಡಿಸುತ್ತಿದ್ದೆ. ಡಾಕ್ಟರಿಗೂ ಹೆದರಿಕೆ ಇರುತ್ತದೆ.

ಈಗ ಬೇರೆ ದಾರಿ ಇರಲಿಲ್ಲ. ಪಂಚೆ ಎತ್ತಿ ಕಟ್ಟಿದೆ. ಹಬ್ಬಕ್ಕೆ ಚಕ್ಕುಲಿ ಹರಡುವ ಅಗಲದ ತಟ್ಟೆಯನ್ನು ವಿಮಲ ತಂದು ಕೆಳಗಿಟ್ಟಳು. ಮುಚ್ಚಳದ ಹಿಂದಿದ್ದ ಸಣ್ಣ ಕೊಳವೆಯ ಬಿರಡೆ ಎಳೆದೆ. ನೀರು ಬಂತು. ತಟ್ಟೆ ತುಂಬಿತು, ಚೆಲ್ಲಿದೆವು, ಮತ್ತೆ ತುಂಬಿತು. ಅದು ನಿಂತ ಮೇಲೆ ಫಿಲ್ಟರನ್ನು ಎಡಕ್ಕೆ ಮೆಲ್ಲಗೆ ತಿರುಗಿಸಿದೆ. ಮೆಲ್ಲಗೆ ಎಂದುಕೊಂಡದ್ದು ನಾನು ಮಾತ್ರ. ಅದು ಒಮ್ಮೆಲೇ ಕೈಗೆ ಬಂತು, ಉಳಿದ ನೀರೆಲ್ಲ ನನ್ನ ಮಡಿಲಿಗೆ ಬಂತು. ಅದರ ಹಿಂದೆಯೇ ಊದಿಕೊಂಡ ಹಳದಿ ಅಕ್ಕಿಯ ಮುದ್ದೆ ಜಾರಿ ಬಿತ್ತು.

"ನೋಡು ನಿನ್ನ ಅಕ್ಷತೆ!" ಎಂದು ಕೂಗಿದೆ. ಮೈಯೆಲ್ಲ ಒದ್ದೆಯಾಗಿದ್ದರೂ ಆ ಕ್ಷಣ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಮದುವೆಯಾದಾಗಿನಿಂದ ಇಂಥದ್ದೊಂದು ಸಾಕ್ಷಿಗಾಗಿ ಕಾದಿದ್ದೆ.

"ಅಕ್ಷತೆ ಹಾಕಿದ್ದು ನಾಲ್ಕು ಕಾಳು ಕಣ್ರೀ," ಎಂದು ಅವಳು ಬಗ್ಗಿ ನೋಡಿದಳು. ಮುದ್ದೆಯನ್ನು ಬೆರಳಿನಿಂದ ಬಿಡಿಸಿದಳು. "ಇಲ್ನೋಡಿ. ಇದು ಅಕ್ಕಿನಾ? ದುಂಡಗಿದೆ. ಇದು ಜೋಳ. ನಮ್ಮನೇಲಿ ಜೋಳ ಎಲ್ಲಿಂದ ಬರ್ಬೇಕು?"

ನಿಜ. ಹಳದಿ ಅಕ್ಕಿಯ ನಡುವೆ ನೆನೆದು ಒಡೆದ ಬಿಳಿ ಜೋಳ, ಒಂದು ಹಿಡಿಯಷ್ಟು. ನಾವಿಬ್ಬರೂ ತಲೆ ಎತ್ತಿ ಶಿವಲೀಲಾಳನ್ನು ನೋಡಿದೆವು. ಅವಳ ಮುಖ ಬಿಳಿಚಿಕೊಂಡಿತ್ತು.

"ಕೌದಿ ಹೊಟ್ಟಿ ಬಿಚ್ಚೇತ್ರಿ ಆಂಟಿ," ಎಂದಳು. ಕಣ್ಣಲ್ಲಿ ನೀರು ಬಂದೇಬಿಟ್ಟಿತು. "ಕಡೀ ಮೂಲಿ ಹೊಲಿಯೂ ಮುಂಚೆ ಒಂದು ಹಿಡಿ ಜ್ವಾಳ ಹಾಕಿ ಹೊಲೀತಾಳ್ರಿ ನಮ್ಮವ್ವ. ಕೌದಿ ಹೊಟ್ಟಿ ಖಾಲಿ ಇರಬಾರದ್ರಿ. ಹಸದ ಕೌದಿ ಮ್ಯಾಲ ಕೂಸನ್ನ ಹೆಂಗ ಮಲಗಸೂದ್ರಿ?"

ಬೀಗ ಬಿಟ್ಟಿತ್ತು. ಕೌದಿಯನ್ನು ಎಳೆದು ನೋಡಿದೆವು. ಬೇರೆಲ್ಲ ಗಟ್ಟಿಯಾಗಿತ್ತು. ಒಂದು ಮೂಲೆಯ ಹೊಲಿಗೆ ಮಾತ್ರ ಬಿಟ್ಟು, ಅಲ್ಲಿ ಬೆರಳು ತೂರುವಷ್ಟು ಖಾಲಿ ಚೀಲ. ಡ್ರಮ್ಮಿನ ತಿರುಗಾಟಕ್ಕೆ ಕಾಳೆಲ್ಲ ಅಲ್ಲಿಂದ ಹೊರಬಿದ್ದು, ಮೊದಲೇ ಕೂತಿದ್ದ ಅಕ್ಷತೆಯ ಜೊತೆ ಸೇರಿ ಪಂಪಿನ ಬಾಯಿ ಕಟ್ಟಿತ್ತು.

"ಅಷ್ಟೇ ತಾನೆ? ಅಂಗಡಿಯಿಂದ ಜೋಳ ತರಿಸ್ತೀನಿ, ನಾನೇ ಹೊಲಿದು ಕೊಡ್ತೀನಿ ಬಿಡು," ಎಂದಳು ವಿಮಲ.

"ಹಂಗ ಯಾರ್ಯಾರೋ ಹಾಕಂಗಿಲ್ರಿ ಆಂಟಿ. ಹೊಲದಾಕೀನ ಹಾಕಬೇಕ್ರಿ. ಅವ್ವ ಇನ್ನ ಸೂಜಿ ಹಿಡಿಯೂದಿಲ್ಲಂತ ಹೇಳ್ಯಾಳ."

ವಿಮಲ ನೆಲದ ನೀರು ಒರೆಸಲು ಬಗ್ಗಿದಳು. ಯಾರ್ಯಾರೋ ಎಂಬ ಮಾತು ಅವಳಿಗೆ ಚುಚ್ಚಿತು ಎಂದು ನನಗೆ ತಿಳಿಯಿತು. ದಿನವೂ ಆ ಮಗುವಿಗೆ ನೀರು ಹಾಕಿ, ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿದವಳು ಅವಳು. ಶಿವಲೀಲಾ ಬೇಕೆಂದು ಆಡಿದ ಮಾತಲ್ಲ, ಆದರೂ ಮಾತು ಮಾತೇ. ಫಿಲ್ಟರ್ ತೊಳೆದು ಮತ್ತೆ ಹಾಕಿದೆ. ಆ ಕಡೆ ಈ ಕಡೆ ಭಾರ ಸಮವಾಗಲೆಂದು ಎರಡು ಟವೆಲ್ಲು ಸೇರಿಸಿ, ಮೆಲ್ಲನೆಯ ಸ್ಪಿನ್ ಕೊಟ್ಟೆ. ಮಷೀನು ಏನೂ ಆಗಿಲ್ಲವೆಂಬಂತೆ ತಿರುಗಿತು. ಕೆಲಸ ಮುಗಿದಾಗ ಅದು ಹಾಡುವ ಪುಟ್ಟ ರಾಗಕ್ಕೆ ಆವತ್ತು ಯಾರೂ ತಲೆದೂಗಲಿಲ್ಲ.

ಕೌದಿ ಟೆರೇಸಿನ ಮೇಲೆ ಬಿಸಿಲು ಕಂಡಿತು. ನಾನೂ ವಿಮಲಳೂ ಆಗಾಗ ಹೋಗಿ ಮಗ್ಗುಲು ಬದಲಿಸಿ ಬಂದೆವು. ಸಂಜೆಯ ಹೊತ್ತಿಗೆ ಒಣಗಿತು. ಬಣ್ಣವೂ ಬಿಟ್ಟಿರಲಿಲ್ಲ. ಇಷ್ಟು ಚೆನ್ನಾಗಿ ಒಗೆದದ್ದಕ್ಕೆ ಬೇರೆ ದಿನವಾಗಿದ್ದರೆ ನಾನು ಬೀದಿಯವರನ್ನೆಲ್ಲ ಕರೆದು ತೋರಿಸುತ್ತಿದ್ದೆ. ಆ ಬಿಚ್ಚಿದ ಮೂಲೆಯನ್ನು ಒಳಗೆ ಮಡಚಿ ಶಿವಲೀಲಾಗೆ ಕೊಟ್ಟೆ. ಅವಳು "ತ್ರಾಸ ಕೊಟ್ಟೆ ಅಂಕಲ್" ಎಂದಳು. ತೊಂದರೆ ಕೊಟ್ಟವನು ನಾನು, ಕ್ಷಮೆ ಕೇಳಿದ್ದು ಅವಳು.

ಬೆಳಿಗ್ಗೆ ಮಲ್ಲಪ್ಪ ಸ್ಟೇಷನ್ನಿಗೆ ಹೋಗಿ ಅತ್ತೆಯನ್ನು ಕರೆತಂದ. ಸಣಕಲು ಮೈ, ಕಪ್ಪು ಕನ್ನಡಕ, ಕೈಯಲ್ಲಿ ರೊಟ್ಟಿಯ ಗಂಟು. ನಾವು ಮೇಲಕ್ಕೆ ಹೋಗುವಷ್ಟರಲ್ಲಿ ಮಗು ಅವಳ ತೊಡೆಯ ಮೇಲಿತ್ತು, ಮಗಳು ಎದುರು ಕೂತು ಬಿಕ್ಕುತ್ತಿದ್ದಳು. ಕೌದಿ ನೆಲದ ಮೇಲೆ ಹರಡಿತ್ತು. ಅವ್ವನ ಬೆರಳುಗಳು ನೇರವಾಗಿ ಆ ಮೂಲೆಗೇ ಹೋದವು.

ನಾನು ಮುಂದೆ ಬಂದು, "ತಪ್ಪು ನಂದೇ ಅಮ್ಮ. ಮಷೀನಿಗೆ ಹಾಕು ಅಂದಿದ್ದು ನಾನು," ಎಂದೆ.

ಅವ್ವ ನನ್ನ ಕಡೆ ತಿರುಗಲೂ ಇಲ್ಲ. ಮಗಳಿಗೆ ಹೇಳಿದಳು: "ಅಯ್ಯ ಹುಚ್ಚಿ, ಇಷ್ಟಕ್ಕ ಅಳಾಕತ್ತಿಯೇನ? ಖಾಲಿ ಆತಂದ್ರ ಮತ್ತ ತುಂಬಸಬೇಕು. ಮನಶ್ಯಾರ ಹೊಟ್ಟೀನೂ ದಿನಾ ಖಾಲಿ ಆಗತೈತಿ, ಅಳಕೋತ ಕುಂದರತೇವೇನು?" ಆಮೇಲೆ ನನ್ನ ದನಿ ಬಂದ ದಿಕ್ಕಿಗೆ ತಿರುಗಿ, "ಕೂಸಿಗೆ ದಿನಾ ನೀರ ಹಾಕಿದ ಅಕ್ಕಾರು ಯಾರು?" ಎಂದು ಕೇಳಿದಳು.

ವಿಮಲ ಮುಂದೆ ಬಂದು ಕೂತಳು.

"ನಿಮ್ಮ ಮನ್ಯಾಗ ಏನು ಕಾಳ ಐತ್ರಿ?"

"ಜೋಳ ಇಲ್ಲಮ್ಮ. ಇವರನ್ನ ಕಳಿಸಿ ಈಗ್ಲೇ ತರಿಸ್ತೀನಿ."

"ಜ್ವಾಳ ಯಾಕ? ಕೂಸು ಹುಟ್ಟಿದ್ದು ನಿಮ್ಮ ಊರಾಗ. ನೀವು ಏನು ಉಣ್ತೀರಿ ಅದನ್ನ ತರ್ರಿ."

ವಿಮಲ ಇಳಿದು ಹೋಗಿ ಮುಷ್ಟಿಯಲ್ಲಿ ರಾಗಿ ಹಿಡಿದುಕೊಂಡು ಬಂದಳು. ಅವ್ವ ಅದನ್ನು ಮುಟ್ಟಿ ನೋಡಿ, ಇಷ್ಟು ಸಣ್ಣ ಕಾಳೇ ಎಂದು ನಕ್ಕಳು. ತೆಗೆದುಕೊಳ್ಳಲಿಲ್ಲ. ಕೌದಿಯ ಮೂಲೆಯನ್ನು ಅಗಲಿಸಿ ವಿಮಲಳ ಮುಂದೆ ಹಿಡಿದಳು. "ನೀವ ಹಾಕ್ರಿ. ನಿಮ್ಮ ಕೈಲೆ."

ಹೊಲಿದವಳೇ ಹಾಕಬೇಕು ಎಂಬ ಮಾತು ವಿಮಲಳಿಗೆ ನೆನಪಿತ್ತು. ಅವಳು ಶಿವಲೀಲಾಳ ಮುಖ ನೋಡಿದಳು. ಶಿವಲೀಲಾ ಕಣ್ಣೊರೆಸಿಕೊಂಡು ಹಾಕಿ ಎಂಬಂತೆ ತಲೆಯಾಡಿಸಿದಳು. ರಾಗಿ ಸರಸರನೆ ಒಳಗೆ ಇಳಿಯಿತು. ಅಂಗೈಗೆ ಅಂಟಿದ್ದ ಕಾಳುಗಳನ್ನೂ ವಿಮಲ ಒಂದೊಂದಾಗಿ ಬಿಡಿಸಿ ಹಾಕಿದಳು.

ಸೂಜಿ ಪೋಣಿಸಿ ಕೊಟ್ಟದ್ದು ನಾನು, ಅಷ್ಟರ ಮಟ್ಟಿಗೆ ನನ್ನ ಕನ್ನಡಕ ಕೆಲಸಕ್ಕೆ ಬಂತು. ಮೂಲೆ ಹೊಲಿದದ್ದು ಶಿವಲೀಲಾ. ಅವ್ವ ಪಕ್ಕದಲ್ಲಿ ಕೂತು ಒಂದೊಂದು ಹೊಲಿಗೆಯನ್ನೂ ಬೆರಳಿನಿಂದ ಸವರಿ, "ಸನೇಕ ಹಾಕ, ಇನ್ನಾ ಸನೇಕ" ಎನ್ನುತ್ತ ಹತ್ತಿರ ಹತ್ತಿರ ಹಾಕಿಸುತ್ತಿದ್ದಳು. ಹೊಲಿಗೆ ಸೊಟ್ಟಗೇ ಬಂತು, ಗಟ್ಟಿಯಾಗಿ ಬಂತು. ತೊಟ್ಟಿಲಿಗೆ ಕೌದಿ ಹಾಸಿ ಮಗುವನ್ನು ಮಲಗಿಸಿದರು.

"ಅವ್ವ, ಮುಂದ ಇದನ್ನ ಹೆಂಗ ತೊಳೀಲಿ?" ಎಂದು ಶಿವಲೀಲಾ ಕೇಳಿದಳು.

"ಅದ ಮಷೀನಿಗೆ ಹಾಕ. ಹೊಟ್ಟಿ ಖಾಲಿ ಆತಂದ್ರ ಕೆಳಗ ಇಳದು ಅಕ್ಕಾರ ಕಡೆ ಹೋಗು. ನಾ ದೂರ ಇರ್ತೀನಿ. ಅವರು ಒಂದು ಹಿಡಿ ಹಾಕ್ತಾರ."

ವಿಮಲ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದಳು. ಮೂಗೊರೆಸಿಕೊಂಡು, ಯಾರನ್ನೋ ಗದರುವ ದನಿಯಲ್ಲಿ ಹೇಳಿದಳು: "ಅವಳ್ಯಾಕೆ ಇಳಿದು ಬರ್ಬೇಕು? ನಾನೇ ಹತ್ತಿ ಬರ್ತೀನಿ."